ಹಲವು ಕೈ, ಒಂದೇ ನಿಧಿ



ನೆರೆ, ಭೂಕಂಪದ ಹೊತ್ತಿನಲ್ಲಿ ಹತ್ತಾರು ಸಂಸ್ಥೆಗಳು ಬೇರೆಬೇರೆಯಾಗಿ ಮನವಿ ಮಾಡಿದರೆ ಕೊಡುವವರಿಗೆ ಗೊಂದಲ. ಬ್ರಿಟನ್ನಿನಲ್ಲಿ 1963ರಲ್ಲಿ ಸೇವಾಸಂಸ್ಥೆಗಳು ಸೇರಿ ಒಂದು ಜಂಟಿ ಸಮಿತಿ ಮಾಡಿಕೊಂಡವು. ಒಂದೇ ಮನವಿ, ಒಂದೇ ನಿಧಿ. ಬಿಬಿಸಿ ಮೊದಲಾದ ವಾಹಿನಿಗಳು ಅದನ್ನು ಉಚಿತವಾಗಿ ಪ್ರಸಾರ ಮಾಡುತ್ತವೆ. 2001ರ ಗುಜರಾತ್ ಭೂಕಂಪಕ್ಕೂ ಹೀಗೆಯೇ ನೆರವು ಬಂತು. ನಮ್ಮಲ್ಲಿ ‘ಪ್ರಜಾವಾಣಿ’, ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಗಳ ಪರಿಹಾರ ಟ್ರಸ್ಟ್ ಓದುಗರ ದೇಣಿಗೆ ಸಂಗ್ರಹಿಸಿದೆ.

ಪತ್ರಿಕೆ ಸುದ್ದಿ ಮುಟ್ಟಿಸುತ್ತದೆ. ಗಾಯಾಳುವಿಗೆ ಔಷಧ ಮುಟ್ಟಿಸುವುದು ಸ್ಥಳದಲ್ಲಿ ದುಡಿಯುವ ಸಂಸ್ಥೆ. ಎರಡೂ ಬೇಕು.

ಸೀವುಡ್ಸ್‌ನ ನಾವು ವಾಟ್ಸಾಪ್ ಮನವಿ ನೋಡಿ ಹಣ ಕಳಿಸುವ ಮುನ್ನ ಕೇಳೋಣ: ಖಾತೆ ಯಾರ ಹೆಸರಿನಲ್ಲಿದೆ? ರಸೀದಿ ಸಿಗುವುದೇ? ಖರ್ಚಿನ ಲೆಕ್ಕ ಯಾವಾಗ ಕೊಡುತ್ತಾರೆ? ನಮ್ಮ ವೈದ್ಯಕೀಯ ನೆರವು ನಿಧಿಗೂ ಇವೇ ಪ್ರಶ್ನೆಗಳನ್ನು ಕೇಳಿ. ಕೇಳುವುದು ದಾನಿಯ ಹಕ್ಕು, ಉತ್ತರಿಸುವುದು ನಮ್ಮ ಹೊಣೆ.