ವಿದ್ಯುತ್ ಬಂದರೂ ಮುದ್ರಿಸದ ಪ್ರಿಂಟರ್

ಹೊಳಲ್ಕೆರೆಯಲ್ಲಿ ಅಡಿಕೆಯನ್ನೋ ಹೊಸದುರ್ಗದಲ್ಲಿ ಕೊಬ್ಬರಿಯನ್ನೋ ತುಂಬಿದ ಲಾರಿ ಬಿಲ್ ಇಲ್ಲದೆ ಹೊರಡುವಂತಿಲ್ಲ. ಹಿರಿಯೂರಿನ ಬಳಿ ಹೆದ್ದಾರಿಯಲ್ಲಿ ತಪಾಸಣೆಯಾದರೆ ಇ-ವೇ ಬಿಲ್ಲಿಗೆ ಅದರ ಸಂಖ್ಯೆ ಸಾಕು. ಸರಕಿನ ಬಿಲ್ಲಿನ ಪ್ರತಿಯಾದರೋ ವಾಹನದಲ್ಲಿರಲೇಬೇಕು. ಇ-ಇನ್‌ವಾಯ್ಸ್ ಮಾಡುವವರು ಕ್ಯೂಆರ್ ಸಂಕೇತವನ್ನು ಮೊಬೈಲಿನಲ್ಲಿ ತೋರಿಸಬಹುದು. 5 ಕೋಟಿ ರೂ. ವಹಿವಾಟು ಮೀರದ ಸಣ್ಣ ವರ್ತಕರಿಗೆ ಸಾಮಾನ್ಯವಾಗಿ ಕಾಗದವೇ ಗತಿ.

ವಿದ್ಯುತ್ ಹೋಗಿ ಬಂದೊಡನೆ ಪ್ರಿಂಟರಿನ ದೀಪ ಉರಿಯುತ್ತದೆ, ಗಣಕಯಂತ್ರ ಮಾತ್ರ ‘ಆಫ್‌ಲೈನ್’ ಎನ್ನುತ್ತದೆ. ಚಿತ್ರದುರ್ಗದಿಂದ ತಂತ್ರಜ್ಞರನ್ನು ಕರೆಸುವ ಮೊದಲು ಪ್ರಿಂಟರಿನ ಐಪಿ ವಿಳಾಸವನ್ನು ಪರೀಕ್ಷಿಸುವುದು ಒಳಿತು. ಈ ವಿಳಾಸವನ್ನು ಕೊಡುವುದು ರೂಟರ್. ಯಂತ್ರಗಳು ಮರಳಿ ಚಾಲೂ ಆದಾಗ ಅದು ಬದಲಾಗಬಹುದು. ಗಣಕಯಂತ್ರವೋ ಹಳೆಯ ವಿಳಾಸಕ್ಕೇ ಬಿಲ್ ಕಳುಹಿಸುತ್ತಿರುತ್ತದೆ.

ಪ್ರಿಂಟರಿನಿಂದಲೇ ನೆಟ್‌ವರ್ಕ್ ವಿವರದ ಪುಟವನ್ನು ಮುದ್ರಿಸಿ, ಗಣಕಯಂತ್ರದ ಪ್ರಿಂಟರ್ ಪೋರ್ಟಿನಲ್ಲಿರುವ ವಿಳಾಸದೊಡನೆ ತಾಳೆ ನೋಡಬೇಕು. ವಿಳಾಸ 169.254 ಎಂದು ಆರಂಭವಾಗಿದ್ದರೆ ರೂಟರಿನಿಂದ ವಿಳಾಸ ದೊರೆತಿಲ್ಲವೆಂದೇ ಅರ್ಥ. ರೂಟರ್ ಸಿದ್ಧವಾಗುವ ಮೊದಲೇ ಪ್ರಿಂಟರ್ ಚಾಲೂ ಆಗಿರಬಹುದು, ಕೇಬಲ್ ಸಡಿಲವಾಗಿರಲೂಬಹುದು. ಕೇಬಲ್ ಬಿಗಿಮಾಡಿ, ರೂಟರಿನ ದೀಪಗಳು ಸ್ಥಿರವಾದ ಬಳಿಕ ಪ್ರಿಂಟರನ್ನು ಆರಿಸಿ ಮತ್ತೆ ಚಾಲೂ ಮಾಡಿದರೆ ಸಾಕಾಗುವುದುಂಟು. ವಿಳಾಸವೇ ಬದಲಾಗಿದ್ದರೆ ರೂಟರಿನಲ್ಲಿ ಪ್ರಿಂಟರಿಗೆಂದು ಒಂದು ವಿಳಾಸವನ್ನು ಕಾಯ್ದಿರಿಸಿ, ಅದನ್ನೇ ಪೋರ್ಟಿನಲ್ಲಿ ನಮೂದಿಸಬೇಕು.

ಅಷ್ಟರಲ್ಲಿ ಗುಮಾಸ್ತರು ಸಹನೆಗೆಟ್ಟು ಹತ್ತು ಸಲ ಪ್ರಿಂಟ್ ಒತ್ತಿರುತ್ತಾರೆ! ಸರದಿಯಲ್ಲಿ ನಿಂತವುಗಳನ್ನು ಮೊದಲು ಅಳಿಸಬೇಕು. ಇದಕ್ಕಿಂತ ಅಪಾಯಕರವಾದುದು, ಮುದ್ರಣವಾಗಲಿಲ್ಲವೆಂದು ಹೊಸ ಸಂಖ್ಯೆಯ ಬಿಲ್ ಸೃಷ್ಟಿಸುವುದು. ಆಗ ಒಂದೇ ಮಾರಾಟ ಜಿಎಸ್‌ಟಿಆರ್-1ರಲ್ಲಿ ಎರಡು ಸಲ ಸೇರಿ, ತೆರಿಗೆಯ ಹೊಣೆಯೂ ಇಮ್ಮಡಿಯಾಗುವ ಸಂಭವವಿದೆ.