ಶುಗರ್ ಬಂದ ಮೊದಲ ವರ್ಷ

ಸಕ್ಕರೆ ಕಾಯಿಲೆ ಗೊತ್ತಾದ ಹೊಸದರಲ್ಲಿ ಪಟ್ಟ ಶ್ರಮ ಬಹಳ ಕಾಲ ಕಾಯುತ್ತದೆ. ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದಲ್ಲಿ ಶುರುವಿನಲ್ಲೇ ಶುಗರನ್ನು ಹಿಡಿತಕ್ಕೆ ತಂದುಕೊಂಡವರಿಗೆ, ಅಧ್ಯಯನ ಮುಗಿದು ಹತ್ತು ವರ್ಷವಾದ ಮೇಲೂ ಹೃದಯಾಘಾತ, ಕಣ್ಣು ಮತ್ತು ಮೂತ್ರಪಿಂಡದ ತೊಂದರೆ ಕಡಿಮೆಯಿದ್ದವು. ಮಂಡ್ಯ ಸೀಮೆಯಲ್ಲಿ ವೈದ್ಯನಾಗಿ ನಾನು ಕಂಡದ್ದೂ ಅದೇ. ಹೊಸಬರಿಗೆ ಹೇಳಬೇಕಾದ ಕೆಲವು ಮಾತುಗಳು ಇಲ್ಲಿವೆ.

1. ರಿಪೋರ್ಟ್ ಓದಲು ಕಲಿಯಿರಿ

ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಎಚ್‌ಬಿಎ1ಸಿ 6.5 ಅಥವಾ ಹೆಚ್ಚು ಬಂದು, ಇನ್ನೊಂದು ಪರೀಕ್ಷೆಯೂ ಅದನ್ನೇ ಹೇಳಿದರೆ ಮಧುಮೇಹ. ಚಿಕಿತ್ಸೆಯ ಗುರಿ ಹೆಚ್ಚಿನವರಿಗೆ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟ ಶುರುಮಾಡಿದ ಎರಡು ಗಂಟೆಗೆ 180ರೊಳಗೆ, ಎಚ್‌ಬಿಎ1ಸಿ 7ರೊಳಗೆ. ತೀರಾ ವಯಸ್ಸಾದವರಿಗೆ ಇಷ್ಟು ಬಿಗಿ ಬೇಡ. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಕೊಡುವುದರಿಂದ ಪರೀಕ್ಷೆಯ ಹಿಂದಿನ ದಿನ ಪಥ್ಯ ಮಾಡಿ ಪ್ರಯೋಜನವಿಲ್ಲ. ರಕ್ತಹೀನತೆ ಇದ್ದವರಲ್ಲಿ ಅದು ತಪ್ಪು ದಾರಿ ತೋರಿಸಬಹುದು. ಹಾಗಾಗಿ ಹಿಮೋಗ್ಲೋಬಿನ್ ನೋಡದೆ ನಾನು ಅದನ್ನು ಪೂರ್ತಿ ನಂಬುವುದಿಲ್ಲ.

2. ಮುದ್ದೆಗೂ ಲೆಕ್ಕವಿದೆ

"ಅನ್ನ ಬಿಟ್ಟೆ ಡಾಕ್ಟ್ರೇ, ಬರೀ ಮುದ್ದೆ. ಆದ್ರೂ ಇಳೀತಿಲ್ಲ" ಎಂಬ ಮಾತನ್ನು ದಿನವೂ ಕೇಳುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕದ ಪ್ರಕಾರ ನೂರು ಗ್ರಾಂ ಅಕ್ಕಿಯಲ್ಲಿ ಶರ್ಕರಪಿಷ್ಟದ (ಕಾರ್ಬೋಹೈಡ್ರೇಟ್) ಅಂಶ ಸುಮಾರು 78 ಗ್ರಾಂ, ರಾಗಿಯಲ್ಲಿ ಸುಮಾರು 67. ಅಂತರ ಅಷ್ಟೇ. ರಾಗಿಯ ಹೆಚ್ಚುಗಾರಿಕೆ ನಾರಿನಲ್ಲಿದೆ: ಅಕ್ಕಿಯಲ್ಲಿ ಮೂರು ಗ್ರಾಂಗಿಂತ ಕಡಿಮೆ, ರಾಗಿಯಲ್ಲಿ ಹನ್ನೊಂದರಷ್ಟು. ಆದರೆ ಎರಡು ದೊಡ್ಡ ಮುದ್ದೆ ಉಂಡು ಮೇಲೆ ಅನ್ನವನ್ನೂ ಬಡಿಸಿಕೊಂಡರೆ ಆ ಲಾಭ ಉಳಿಯುವುದಿಲ್ಲ. ರಾಗಿಯನ್ನು ನುಣ್ಣಗೆ ಮಾಡಿ, ಬೆಲ್ಲ ಹಾಕಿ ಮಾಲ್ಟ್ ಕುಡಿದರೆ ಶುಗರ್ ಬೇಗ ಏರುತ್ತದೆ. ಬೆಲ್ಲ, ಜೇನುತುಪ್ಪ ಎರಡೂ ಸಕ್ಕರೆಯೇ.

ಹಾಗೆಂದು ಮುದ್ದೆ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಸಣ್ಣದೊಂದು ಮುದ್ದೆ, ಅದಕ್ಕೆ ಧಾರಾಳವಾಗಿ ಬಸ್ಸಾರು, ಸೊಪ್ಪಿನ ಪಲ್ಯ, ಹುರುಳಿಕಾಳೋ ಅವರೆಕಾಳೋ, ತಿನ್ನುವವರಿಗೆ ಮೊಟ್ಟೆ ಅಥವಾ ಮೀನು. ನಮ್ಮ ಸೀಮೆಯ ಊಟವನ್ನು ಇದಕ್ಕಿಂತ ಹೆಚ್ಚು ಬದಲಿಸಬೇಕಾಗಿಲ್ಲ.

ಮನೆಯ ಹೆಂಗಸರ ವಿಷಯ ಬೇರೆಯೇ ಹೇಳಬೇಕು. ಎಲ್ಲರಿಗೂ ಬಡಿಸಿ ಅವರು ಕೂರುವ ಹೊತ್ತಿಗೆ ಕಾಳು, ಪಲ್ಯ ಮುಗಿದಿರುತ್ತವೆ. ಅನ್ನ, ತಿಳಿಸಾರು ಉಳಿದಿರುತ್ತವೆ. ಆಕೆಯ ಶುಗರ್ ಇಳಿಯದಿರುವುದಕ್ಕೆ ಅರ್ಧ ಕಾರಣ ಇದೇ. ಅಮ್ಮನಿಗೋ ಹೆಂಡತಿಗೋ ಕಾಯಿಲೆ ಬಂದಿದ್ದರೆ, ಮೊದಲು ಆಕೆಯ ತಟ್ಟೆಗೆ ಪಲ್ಯ ಬಡಿಸಿ. ಮಾತ್ರೆಯಷ್ಟೇ ಅದೂ ಚಿಕಿತ್ಸೆ.

3. ಊಟಕ್ಕೆ ಮುಂಚೆ, ಎರಡು ಗಂಟೆ ಬಿಟ್ಟು

ಗ್ಲೂಕೋಮೀಟರ್ ಕೊಂಡವರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಷ್ಟೇ ನೋಡುತ್ತಾರೆ. ಯಾವ ಊಟ ನಿಮಗೆ ಒಗ್ಗುತ್ತದೆ ಎಂಬುದು ಅದರಿಂದ ತಿಳಿಯದು. ಒಂದು ದಿನ ಇಡ್ಲಿಗೆ ಮುಂಚೆ ಮತ್ತು ಎರಡು ಗಂಟೆಯ ನಂತರ, ಇನ್ನೊಂದು ದಿನ ಮುದ್ದೆಗೆ ಹಾಗೆಯೇ ನೋಡಿ ಬರೆದಿಡಿ. ಸ್ಟ್ರಿಪ್ ದುಬಾರಿ, ದಿನವೂ ಬೇಡ. ಕೈ ತೊಳೆದು ಒರೆಸಿಕೊಂಡೇ ಚುಚ್ಚಿ. ಬಾಳೆಹಣ್ಣು ಸುಲಿದ ಬೆರಳಲ್ಲಿ ಸುಳ್ಳು ಲೆಕ್ಕ ಬರುತ್ತದೆ.

4. ಉಂಡ ಮೇಲೆ ನಡೆಯಿರಿ

ಹತ್ತು ಹದಿನೈದು ನಿಮಿಷ ಸಾಕು. ನಡೆಯುವ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ.

5. ಮಾತ್ರೆಗೆ ಹೆದರಬೇಡಿ

ಮೆಟ್‌ಫಾರ್ಮಿನ್ ಶುರುವಾದಾಗ ಕೆಲವರಿಗೆ ಹೊಟ್ಟೆ ಕೆಡುತ್ತದೆ. ಕಡಿಮೆ ಡೋಸಿನಿಂದ ಶುರುಮಾಡಿ ಊಟದ ಜೊತೆ ನುಂಗಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. "ಒಮ್ಮೆ ಶುರುಮಾಡಿದರೆ ಜೀವನಪೂರ್ತಿ" ಎಂಬ ಭಯದಿಂದ ಹಾಗಲಕಾಯಿ ರಸ, ಇನ್ಸುಲಿನ್ ಗಿಡದ ಎಲೆ ನಂಬಿ ಮಾತ್ರೆ ಬಿಟ್ಟವರು 400 ಮುಟ್ಟಿ ಬಂದಾಗ ನನಗೆ ಸಂಕಟವಾಗುತ್ತದೆ. ಮಾತ್ರೆಯಿಂದ ಬಿಡುಗಡೆ ಬೇಕಿದ್ದರೆ ದಾರಿ ತೂಕ ಇಳಿಸುವುದು. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ, ಕಾಯಿಲೆ ಪತ್ತೆಯಾಗಿ ಆರು ವರ್ಷದೊಳಗಿದ್ದ ಸ್ಥೂಲಕಾಯರು ನಿಗಾದಲ್ಲಿ ತೂಕ ಇಳಿಸಿದಾಗ, ವರ್ಷದ ಹೊತ್ತಿಗೆ ಅರ್ಧದ ಹತ್ತಿರದಷ್ಟು ಮಂದಿಗೆ ಮಾತ್ರೆಯಿಲ್ಲದೆಯೇ ಶುಗರ್ ಮಧುಮೇಹದ ಮಟ್ಟಕ್ಕಿಂತ ಕೆಳಗಿತ್ತು. ಮಾತ್ರೆ ನಿಲ್ಲಿಸುವುದನ್ನು ವೈದ್ಯರ ಜೊತೆ ಕೂತು ತೀರ್ಮಾನಿಸಿ.

6. ಇಳಿದಾಗ ಸಕ್ಕರೆಯೇ ಮದ್ದು

ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಏಕಾದಶಿಯೋ ರೋಜಾವೋ ಎಂದು ಉಪವಾಸವಿದ್ದರೆ ಶುಗರ್ ಅಪಾಯಕ್ಕೆ ಇಳಿಯಬಹುದು. ಉಪವಾಸಕ್ಕೆ ಮೊದಲೇ ಬಂದು ಕೇಳಿ. ಬೆವರು, ನಡುಕ, ಕಕ್ಕಾಬಿಕ್ಕಿ, 70ಕ್ಕಿಂತ ಕಡಿಮೆ ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಶುಗರ್ ಇದ್ದವರಿಗೆ ಸಕ್ಕರೆಯೇ ಎಂದು ಹಿಂಜರಿಯಬೇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆತನ್ನಿ.

7. ಕಣ್ಣು, ಕಾಲು, ಮೂತ್ರ

ಈ ಕಾಯಿಲೆ ಪತ್ತೆಯಾಗುವ ಮುನ್ನ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಅದಕ್ಕೇ ಕಣ್ಣಿನ ಅಕ್ಷಿಪಟಲ, ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯೇಟಿನಿನ್ ಪರೀಕ್ಷೆ ಮೊದಲ ತಿಂಗಳಲ್ಲೇ ಆಗಬೇಕು, ಆಮೇಲೆ ವರ್ಷಕ್ಕೊಮ್ಮೆ. ಗದ್ದೆಗೆ ಬರಿಗಾಲಲ್ಲಿ ಇಳಿಯುವವರು ರಾತ್ರಿ ಅಂಗಾಲು ನೋಡಿಕೊಳ್ಳಲಿ. ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ರೋಗಗಳ) ಕ್ಲಿನಿಕ್‌ನಲ್ಲಿ ಶುಗರ್ ಪರೀಕ್ಷೆಯೂ ಮಾತ್ರೆಯೂ ಉಚಿತ. ಕಣ್ಣು ಇನ್ನೂ ತೋರಿಸಿಲ್ಲದಿದ್ದರೆ, ದಯವಿಟ್ಟು ಈ ವಾರವೇ ಹೋಗಿ ತೋರಿಸಿ.