ಸ್ಪೀಡ್ ಸ್ಕೇಟಿಂಗ್: ಆತುರ ಬೇಡ, ಕಾಲು ಬಲಿಯಲಿ

1980ರ ಫೆಬ್ರವರಿ. ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್. 21 ವರ್ಷದ ಎರಿಕ್ ಹೈಡನ್ ಎಂಬ ತರುಣ ಪುರುಷರ ಸ್ಪೀಡ್ ಸ್ಕೇಟಿಂಗ್‌ನ ಐದಕ್ಕೆ ಐದೂ ಸ್ಪರ್ಧೆಗಳಲ್ಲಿ ಚಿನ್ನದ ಪದಕ ಗೆದ್ದ. ಅತಿ ಚಿಕ್ಕ ಸ್ಪರ್ಧೆ 500 ಮೀಟರ್, ಅತಿ ದೊಡ್ಡದು 10,000 ಮೀಟರ್. ಓಟದ ಲೆಕ್ಕದಲ್ಲಿ ಹೇಳುವುದಾದರೆ 400 ಮೀಟರ್ ಗೆದ್ದವನೇ 5,000 ಮೀಟರ್ ಓಟವನ್ನೂ ಗೆದ್ದಂತೆ. ಮುಂದೆ ಆತ ಸೈಕಲ್ ಪಟುವಾಗಿ 1986ರ ಟೂರ್ ಡಿ ಫ್ರಾನ್ಸ್‌ನಲ್ಲಿ ಸ್ಪರ್ಧಿಸಿದ. ಅನಂತರ ವೈದ್ಯಕೀಯ ಓದಿ ಮೂಳೆ ಶಸ್ತ್ರಚಿಕಿತ್ಸಕನಾದ!

ಆರೋಗ್ಯದ ಅಂಕಣದಲ್ಲಿ ಸ್ಕೇಟಿಂಗ್ ವಿಷಯವೇಕೆ ಎಂದು ಕೇಳುತ್ತೀರಾ? ಕಾರಣವಿದೆ. ನಮ್ಮ ಊರುಗಳಲ್ಲೂ ಮಕ್ಕಳು ಕಾಲಿಗೆ ಚಕ್ರ ಕಟ್ಟಿಕೊಂಡು ಓಡಾಡುವುದನ್ನು ನೋಡುತ್ತೇವೆ. 'ಈಗಲೇ ತರಬೇತಿಗೆ ಹಾಕದಿದ್ದರೆ ಮಗು ಹಿಂದೆ ಬಿದ್ದೀತು' ಎಂಬ ಆತಂಕ ಅನೇಕ ಪಾಲಕರಿಗಿದೆ. ಈ ಆತಂಕಕ್ಕೆ ಮಂಜುಗಡ್ಡೆಯ ಮೇಲಿನ ಸ್ಪರ್ಧೆಗಳ ಚರಿತ್ರೆಯೇ ಉತ್ತರ ಕೊಡುತ್ತದೆ.

ಏನಿದು ಸ್ಪರ್ಧೆ?

400 ಮೀಟರ್ ಸುತ್ತಳತೆಯ ಮಂಜುಗಡ್ಡೆಯ ಹಾದಿಯಲ್ಲಿ ಸಾಮಾನ್ಯವಾಗಿ ಇಬ್ಬಿಬ್ಬರೇ ಸ್ಪರ್ಧಿಸುತ್ತಾರೆ. ಪಕ್ಕದವನನ್ನು ಸೋಲಿಸಿದರೆ ಸಾಲದು. ಎಲ್ಲ ಜೋಡಿಗಳ ಪೈಕಿ ಯಾರ ಸಮಯ ಕಡಿಮೆಯೋ ಅವರಿಗೆ ಚಿನ್ನ. ಅಗ್ರ ಶ್ರೇಣಿಯ ಪುರುಷರು 500 ಮೀಟರನ್ನು ಸುಮಾರು 34 ಸೆಕೆಂಡಿನಲ್ಲಿ ಮುಗಿಸುತ್ತಾರೆ. ಅಂದರೆ ಸರಾಸರಿ ವೇಗವೇ ಗಂಟೆಗೆ 50 ಕಿ.ಮೀ. ಮೀರುತ್ತದೆ. ಇದರ ಅಂತರರಾಷ್ಟ್ರೀಯ ಒಕ್ಕೂಟ 1892ರಲ್ಲಿ ಸ್ಥಾಪನೆಯಾಯಿತು. 1924ರಲ್ಲಿ ಪುರುಷರ ಸ್ಪರ್ಧೆಗಳೂ 1960ರಲ್ಲಿ ಮಹಿಳೆಯರ ಸ್ಪರ್ಧೆಗಳೂ ಒಲಿಂಪಿಕ್ಸ್ ಪದಕಪಟ್ಟಿಗೆ ಸೇರಿದವು.

ನಾರ್ವೆ, ನೆದರ್‌ಲೆಂಡ್ಸ್, ಸೋವಿಯತ್ ಒಕ್ಕೂಟ ಮೊದಲಾದ ಚಳಿನಾಡುಗಳೇ ಬಹುಕಾಲ ಇಲ್ಲಿ ಮೆರೆದವು. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆಯ 36 ಪದಕಗಳಲ್ಲಿ 23 ಪದಕಗಳನ್ನು ನೆದರ್‌ಲೆಂಡ್ಸ್ ಒಂದೇ ಬಾಚಿಕೊಂಡಿತು. ಇಂಥ ಕೋಟೆಯೊಳಕ್ಕೆ ಹೊಸಬರು ನುಗ್ಗಿದ್ದಾದರೂ ಹೇಗೆ? ಅದನ್ನು ತಿಳಿಯಲು ಮೊದಲು ಸ್ಕೇಟರ್‌ನ ಕಾಲನ್ನು ನೋಡಬೇಕು.

ಕಾಲಿನೊಳಗೆ ನಡೆಯುವುದೇನು?

ಈ ವೇಗದಲ್ಲಿ ಸ್ಕೇಟರ್‌ನ ದೊಡ್ಡ ಶತ್ರು ಗಾಳಿ. ಅದನ್ನು ಸೀಳಲು ಆತ ಬೆನ್ನನ್ನು ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಬಾಗಿಸಿ, ಮಂಡಿ ಮಡಿಸಿ, ಕುರ್ಚಿಯಿಲ್ಲದೆ ಕುರ್ಚಿಯ ಮೇಲೆ ಕುಳಿತಂತೆ ಇರುತ್ತಾನೆ. ನೀವೂ ಗೋಡೆಗೆ ಬೆನ್ನು ಆನಿಸಿ ಹೀಗೆ ಕುಳಿತು ನೋಡಿ. ಒಂದು ನಿಮಿಷದೊಳಗೆ ತೊಡೆ ನಡುಗತೊಡಗುತ್ತದೆ. ಏಕೆಂದರೆ ಬಿಗಿಹಿಡಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಅದುಮುತ್ತದೆ. ರಕ್ತ ಕಡಿಮೆಯಾದರೆ ಆಮ್ಲಜನಕವೂ ಕಡಿಮೆ. ಆಮ್ಲಜನಕ ಸಾಲದೆ ಶಕ್ತಿ ಉತ್ಪಾದಿಸುವ ಸ್ನಾಯುವಿನಲ್ಲಿ ಆಮ್ಲೀಯತೆ ಹೆಚ್ಚಿ ಉರಿ, ಸೋಲು ಕಾಣಿಸಿಕೊಳ್ಳುತ್ತವೆ. ತಗ್ಗಿ ಕುಳಿತರೆ ಗಾಳಿಯ ತಡೆ ಕಡಿಮೆ, ಆದರೆ ತೊಡೆಗೆ ರಕ್ತ ಸಾಲದು. ಎದ್ದು ನಿಂತರೆ ರಕ್ತ ಹರಿಯುತ್ತದೆ, ಆದರೆ ವೇಗ ಹೋಗುತ್ತದೆ. ಸ್ಕೇಟರ್‌ನ ಸಾಧನೆಯೆಲ್ಲ ಈ ಇಕ್ಕಟ್ಟಿನ ನಡುವೆಯೇ.

ಇದನ್ನು ತಾಳಿಕೊಳ್ಳಲು ಬೇಕಾದುದು ಬಲವಾದ ತೊಡೆ ಮತ್ತು ಪಿರ್ರೆಯ ಸ್ನಾಯುಗಳು, ಗಟ್ಟಿ ಸೊಂಟ, ದೊಡ್ಡ ಉಸಿರು. ಇವನ್ನು ಗಳಿಸಲು ಮಂಜುಗಡ್ಡೆಯೇ ಬೇಕೆಂದಿಲ್ಲ. ಹೊಸಬರಿಗೆ ಬಾಗಿಲು ತೆರೆದದ್ದು ಇಲ್ಲೇ.

ಹೊಸ ಪ್ರತಿಭೆಗಳು ಬಂದ ದಾರಿ

ಬೆಲ್ಜಿಯಂನ ಬಾರ್ಟ್ ಸ್ವಿಂಗ್ಸ್ ಚಕ್ರದ ಸ್ಕೇಟಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರು. 2022ರ ಬೀಜಿಂಗ್ ಒಲಿಂಪಿಕ್ಸ್‌ನ ಸಾಮೂಹಿಕ ಸ್ಪರ್ಧೆಯಲ್ಲಿ ಚಿನ್ನ ಗೆದ್ದರು. 1948ರ ನಂತರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಆ ದೇಶಕ್ಕೆ ಬಂದ ಮೊದಲ ಚಿನ್ನ ಅದು.

ಎರಿನ್ ಜಾಕ್ಸನ್ ಬೆಳೆದದ್ದು ಅಮೆರಿಕದ ಫ್ಲಾರಿಡಾದಲ್ಲಿ. ಅದು ಬಿಸಿಲನಾಡು. ಆಕೆ ಕೂಡ ಚಕ್ರದ ಮೇಲೆಯೇ ಪಳಗಿದವರು. ಮಂಜುಗಡ್ಡೆಯ ಮೇಲೆ ಗಂಭೀರ ಅಭ್ಯಾಸ ತೊಡಗಿದ ಕೆಲವೇ ತಿಂಗಳಲ್ಲಿ 2018ರ ಒಲಿಂಪಿಕ್ಸ್ ತಂಡಕ್ಕೆ ಆಯ್ಕೆಯಾದರು. ಆಗ 24ನೇ ಸ್ಥಾನ. ನಾಲ್ಕು ವರ್ಷಗಳ ನಂತರ, 29ನೇ ವಯಸ್ಸಿನಲ್ಲಿ, 500 ಮೀಟರ್‌ನಲ್ಲಿ ಚಿನ್ನ! ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ವೈಯಕ್ತಿಕ ಚಿನ್ನ ಗೆದ್ದ ಮೊದಲ ಕಪ್ಪು ಮಹಿಳೆ ಎಂಬ ಕೀರ್ತಿಯೂ ಅವರದಾಯಿತು.

ಸ್ವೀಡನ್‌ನ ನಿಲ್ಸ್ ವಾನ್ ಡೆರ್ ಪೂಲ್ ಅವರದು ಇನ್ನೊಂದು ಬಗೆ. ಅವರು ತಿಂಗಳುಗಟ್ಟಲೆ ಸೈಕಲ್ ತುಳಿದು ಹೃದಯ ಮತ್ತು ಶ್ವಾಸಕೋಶಗಳ ತಾಳಿಕೆ ಬೆಳೆಸಿಕೊಂಡರು. ಅವರ ಕ್ರಮ ವಾರಕ್ಕೆ ಐದು ದಿನ ಕಠಿಣ ಅಭ್ಯಾಸ, ಎರಡು ದಿನ ವಿಶ್ರಾಂತಿ. 2022ರಲ್ಲಿ 5,000 ಮತ್ತು 10,000 ಮೀಟರ್ ಎರಡರಲ್ಲೂ ಚಿನ್ನ ಗೆದ್ದರು. ಎರಡನೆಯದರಲ್ಲಿ 12 ನಿಮಿಷ 30.74 ಸೆಕೆಂಡುಗಳ ವಿಶ್ವದಾಖಲೆ. ಆಮೇಲೆ ತಮ್ಮ ಅಭ್ಯಾಸದ ಕ್ರಮವನ್ನೆಲ್ಲ ಬರೆದು ಪ್ರಕಟಿಸಿ, ಎಲ್ಲರಿಗೂ ಹಂಚಿದರು.

ಚಿಕ್ಕಂದಿನಲ್ಲೇ ಮಂಜುಗಡ್ಡೆಗೆ ಇಳಿದವರು ಇಲ್ಲವೇ? ಇದ್ದಾರೆ. ಅಮೆರಿಕದ ಜೋರ್ಡನ್ ಸ್ಟಾಲ್ಜ್ 2010ರ ಒಲಿಂಪಿಕ್ಸನ್ನು ಟಿ.ವಿ.ಯಲ್ಲಿ ಕಂಡು ಮನೆಯ ಹಿಂದಿನ ಹೆಪ್ಪುಗಟ್ಟಿದ ಕೊಳದಲ್ಲಿ ಸ್ಕೇಟಿಂಗ್ ಶುರುಮಾಡಿದಾಗ ಐದು ವರ್ಷದ ಬಾಲಕ. 2023ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, 18ನೇ ವಯಸ್ಸಿನಲ್ಲಿ, 500, 1,000 ಮತ್ತು 1,500 ಮೀಟರ್ ಮೂರನ್ನೂ ಗೆದ್ದ. ಆದರೆ ಗಮನಿಸಿ, ಆರಂಭದಲ್ಲಿ ಅದು ಆತನಿಗೆ ಮನೆಯಂಗಳದ ಆಟವಾಗಿತ್ತು. ಜೀವರಕ್ಷಕ ಅಂಗಿ ತೊಡಿಸದೆ ತಂದೆತಾಯಿ ಆತನನ್ನು ಕೊಳಕ್ಕೆ ಇಳಿಸುತ್ತಿರಲಿಲ್ಲ.

ಉಬ್ಬಸವಿದ್ದರೆ ಆಟ ಬೇಡವೇ?

ಜಪಾನಿನ ಹಿರೋಯಾಸು ಶಿಮಿಜು ಅವರ ಎತ್ತರ ಕೇವಲ 162 ಸೆಂಟಿಮೀಟರ್. ಬಾಲ್ಯದಿಂದಲೂ ಉಬ್ಬಸ. ಆದರೂ 1998ರಲ್ಲಿ ತಮ್ಮ ದೇಶದಲ್ಲೇ, ನಗಾನೊದಲ್ಲಿ ನಡೆದ ಒಲಿಂಪಿಕ್ಸ್‌ನ 500 ಮೀಟರ್‌ನಲ್ಲಿ ಚಿನ್ನ ಗೆದ್ದರು. ಈ ಕ್ರೀಡೆಯಲ್ಲಿ ಜಪಾನಿಗೆ ಅದೇ ಮೊದಲ ಒಲಿಂಪಿಕ್ ಚಿನ್ನ.

ತಣ್ಣನೆಯ ಒಣಗಾಳಿಯನ್ನು ವೇಗವಾಗಿ ಎಳೆದುಕೊಂಡಾಗ ಶ್ವಾಸನಾಳಗಳು ಒಣಗಿ ಸಂಕುಚಿಸುವುದುಂಟು. ಹೀಗಾಗಿ ಚಳಿಗಾಲದ ಕ್ರೀಡಾಪಟುಗಳಲ್ಲಿ ಈ ತೊಂದರೆ ಸಾಮಾನ್ಯ. ಆಡಿದ ನಂತರ ಮಗು ಪದೇ ಪದೇ ಕೆಮ್ಮಿದರೆ, ಎದೆ ಬಿಗಿಯುತ್ತದೆ ಎಂದರೆ, ಉಸಿರಿನಲ್ಲಿ ಸುಯ್‌ಗುಟ್ಟುವ ಸದ್ದು ಬಂದರೆ ಅದನ್ನು ಸೋಮಾರಿತನವೆಂದು ಗದರಬೇಡಿ. ವೈದ್ಯರಿಗೆ ತೋರಿಸಿ. ಅವರು ಹೇಳಿದ ಔಷಧವನ್ನು ಸರಿಯಾಗಿ ಬಳಸಿದರೆ, ಆಟಕ್ಕೆ ಮುಂಚೆ ನಿಧಾನವಾಗಿ ಮೈ ಬೆಚ್ಚಗೆ ಮಾಡಿಕೊಂಡರೆ ಹೆಚ್ಚಿನ ಮಕ್ಕಳು ಎಲ್ಲರಂತೆ ಆಡಬಲ್ಲರು.

ನಮ್ಮ ಮಕ್ಕಳ ಮಾತು

ಭಾರತದಲ್ಲಿ ಈ ಕ್ರೀಡೆ ಮುಖ್ಯವಾಗಿ ಚಕ್ರದ ಮೇಲೆಯೇ ಬೆಳೆದಿದೆ. 2025ರ ಸೆಪ್ಟೆಂಬರಿನಲ್ಲಿ ಚೀನಾದ ಬೈಡೈಹೆಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತಮಿಳುನಾಡಿನ ಆನಂದಕುಮಾರ್ ವೇಲ್‌ಕುಮಾರ್ ಚಕ್ರದ ಸ್ಕೇಟಿಂಗ್‌ನ 1,000 ಮೀಟರ್‌ನಲ್ಲಿ ಚಿನ್ನ ಗೆದ್ದು, ಈ ಸಾಧನೆ ಮಾಡಿದ ಮೊದಲ ಭಾರತೀಯರಾದರು. ಇದನ್ನು ಕಂಡು ಹುಮ್ಮಸ್ಸು ಮೂಡುವುದು ಸಹಜ. ಆದರೆ ಹುಮ್ಮಸ್ಸು ಹಿರಿಯರದು, ಮಂಡಿ ಮಕ್ಕಳದು ಎಂಬುದು ನೆನಪಿರಲಿ.

ಬೆಳೆಯುವ ಮಕ್ಕಳ ಮೂಳೆಗಳ ತುದಿಯಲ್ಲಿ ಮೃದ್ವಸ್ಥಿಯ ಪದರವಿರುತ್ತದೆ. ಎತ್ತರ ಬೆಳೆಯುವುದು ಅಲ್ಲಿಂದಲೇ. ಸ್ನಾಯುಗಳು ಒಂದೇ ಜಾಗವನ್ನು ದಿನವೂ ಎಳೆಯುತ್ತಿದ್ದರೆ ಆ ಭಾಗ ಬಾತು ನೋಯತೊಡಗುತ್ತದೆ. ಹತ್ತರಿಂದ ಹದಿನೈದು ವರ್ಷದೊಳಗಿನ ಮಕ್ಕಳಲ್ಲಿ ಮಂಡಿಚಿಪ್ಪಿನ ಕೆಳಗೆ ಕಾಣುವ ಗಂಟಿನಂಥ ನೋವು ಬಹುಪಾಲು ಇದೇ. ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ನೋವು ನುಂಗಿಕೊಂಡು ಅಭ್ಯಾಸ ಮುಂದುವರಿಸಿದರೆ ತಿಂಗಳುಗಟ್ಟಲೆ ಕಾಡುತ್ತದೆ. ರಿಂಕ್‌ನಲ್ಲಿ ಸದಾ ಎಡಕ್ಕೇ ತಿರುಗುವುದರಿಂದ ಸೊಂಟ ಮತ್ತು ಕಾಲುಗಳ ಮೇಲೆ ಬೀಳುವ ಭಾರವೂ ಎರಡು ಕಡೆ ಒಂದೇ ಸಮನಾಗಿರುವುದಿಲ್ಲ.

ಪಾಲಕರ ಗಮನಕ್ಕೆ

* ವಾರಕ್ಕೆ ಒಂದೆರಡು ದಿನ ಪೂರ್ತಿ ಬಿಡುವು ಇರಲಿ. ಮಗುವಿನ ವಯಸ್ಸು ಎಷ್ಟೋ, ವಾರದ ತರಬೇತಿ ಅಷ್ಟು ಗಂಟೆ ಮೀರದಿರಲಿ. ಹತ್ತು ವರ್ಷದ ಮಗುವಿಗೆ ಹತ್ತು ಗಂಟೆಯೇ ಗರಿಷ್ಠ.

* ಹದಿಹರೆಯದ ನಡುವಿನವರೆಗೆ ಒಂದೇ ಆಟಕ್ಕೆ ಕಟ್ಟಿಹಾಕಬೇಡಿ. ಸೈಕಲ್, ಈಜು, ಓಟ, ಖೋಖೋ ಎಲ್ಲವೂ ಇರಲಿ. ವರ್ಷದಲ್ಲಿ ಎರಡು ಮೂರು ತಿಂಗಳು ಸ್ಕೇಟಿಂಗ್‌ಗೆ ರಜೆ ಕೊಡಿ.

* ಶಿರಸ್ತ್ರಾಣ, ಮಣಿಕಟ್ಟು, ಮೊಣಕೈ, ಮಂಡಿಗಳ ರಕ್ಷಾಕವಚ ಇಲ್ಲದೆ ಚಕ್ರ ಕಟ್ಟಿಸಬೇಡಿ. ಬೀಳುವಾಗ ಕೈಯೂರುವುದು ಸಹಜ. ಚಕ್ರದ ಸ್ಕೇಟಿಂಗ್‌ನಲ್ಲಿ ಹೆಚ್ಚಾಗಿ ಮುರಿಯುವುದು ಮಣಿಕಟ್ಟೇ. ವಾಹನ ಓಡಾಡುವ ರಸ್ತೆಯಲ್ಲಂತೂ ಸ್ಕೇಟಿಂಗ್ ಬೇಡವೇ ಬೇಡ.

* ಹಗುರವಾದರೆ ವೇಗ ಹೆಚ್ಚುತ್ತದೆಂದು ಊಟ ಕಡಿಮೆ ಮಾಡಿಸಬೇಡಿ. ಅನ್ನ, ಮುದ್ದೆ, ಬೇಳೆ, ಸೊಪ್ಪು, ಹಾಲು ಹೊಟ್ಟೆ ತುಂಬ ಕೊಡಿ. ಮುಟ್ಟಾಗುತ್ತಿದ್ದ ಹುಡುಗಿಗೆ ಕ್ರಮ ತಪ್ಪಿದರೆ ಅಥವಾ ನಿಂತರೆ ವೈದ್ಯರನ್ನು ಕಾಣಿ.

* ಎರಡು ವಾರ ಮೀರಿದ ನೋವು, ಕುಂಟುವಿಕೆ, ರಾತ್ರಿ ಎಚ್ಚರಿಸುವ ನೋವು, ಮಂಡಿಯ ಬಾವು ಇದ್ದರೆ ಎಣ್ಣೆ ತಿಕ್ಕಿ ಸುಮ್ಮನಾಗಬೇಡಿ.

ಸ್ವಿಂಗ್ಸ್ ಮತ್ತು ಜಾಕ್ಸನ್ ಮಂಜುಗಡ್ಡೆಗೆ ತಡವಾಗಿ ಬಂದರೂ ಗೆದ್ದರು, ಏಕೆಂದರೆ ಅವರ ಕಾಲು ಅಷ್ಟರಲ್ಲಿ ಚೆನ್ನಾಗಿ ಬಲಿತಿತ್ತು. ವಾನ್ ಡೆರ್ ಪೂಲ್ ವಾರಕ್ಕೆ ಎರಡು ದಿನ ವಿಶ್ರಮಿಸಿಯೇ ವಿಶ್ವದಾಖಲೆ ಬರೆದರು. ನಿಮ್ಮ ಮಗು ಪದಕ ಗೆಲ್ಲಲಿ, ಗೆಲ್ಲದಿರಲಿ, ನಲವತ್ತರ ವಯಸ್ಸಿನಲ್ಲಿ ನೋವಿಲ್ಲದೆ ಮೆಟ್ಟಿಲು ಹತ್ತುವಂತಿರಬೇಕು. ಆ ಮಂಡಿಯನ್ನು ಈಗ ಕಾಯಬೇಕಾದವರು ನೀವೇ.